ಉದ್ದ ಗೆರೆಯ ಬೆಟ್ಟಮ್ಮ

ನಮ್ಮ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಬೆಂಚಿನ ಕಾಲು ಮುರಿದು ಯಾವ ಕಾಲವಾಯಿತೋ, ಅದನ್ನು ಸರಿ ಮಾಡಿಸಲು ಅಕ್ಕನಿಗೆ ಪುರುಸೊತ್ತಿಲ್ಲ. ಅಂಗಡಿಯೊಳಗಿನ ಗಾಜಿನ ಮೀನುತೊಟ್ಟಿಯ ನೀರು ಬದಲಿಸುವುದನ್ನು ಮಾತ್ರ ಒಂದು ವಾರವೂ ತಪ್ಪಿಸಿದವಳಲ್ಲ. ಅಂಗಡಿಯ ಒಡತಿ ಅವಳು. ಕತ್ತರಿ ಅವಳದು; ಗುಂಡಿ, ಕಾಜ, ಇಸ್ತ್ರಿ ನನ್ನದು. ಬೈಸಿಕೊಳ್ಳುವ ಕೆಲಸವೂ ನನ್ನದೇ.

ತೊಟ್ಟಿಯಲ್ಲಿ ಗುಂಪು ಕಟ್ಟಿ ತಿರುಗುವ ಪುಟಾಣಿ ಟೆಟ್ರಾಗಳಿದ್ದವು, ಮೀಸೆ ಆಡಿಸುತ್ತಾ ಮರಳು ಕೆದಕುವ ಕೋರಿ ಮೀನುಗಳಿದ್ದವು, ಗಾಜಿಗೆ ಅಂಟಿಕೊಂಡೇ ಆಯುಷ್ಯ ಕಳೆಯುವ ಬಸವನಹುಳುವೊಂದಿತ್ತು. ಎಲ್ಲವೂ ಸಾಧುಗಳು. ಹಾಗಿರುವಾಗ ಒಂದು ದಿನ ಸಾಕುಮೀನಿನ ಅಂಗಡಿಗೆ ಅವುಗಳ ಆಹಾರ ತರಲು ನನ್ನ ಜೊತೆ ಬಂದ ಅಕ್ಕ, ಒಂದು ಗಾಜಿನ ಬಾಟಲಿಯ ಮುಂದೆ ನಿಂತವಳು ನಿಂತೇಬಿಟ್ಟಳು. ಒಳಗೆ ತಿಳಿಕಂದು ಮೈ, ಕೆಂಪು ರೆಕ್ಕೆಯ ಹೆಣ್ಣು ಫೈಟರ್ ಮೀನು. ಸಲೀಸಾಗಿ ತಿರುಗಿಕೊಳ್ಳಲೂ ಅದಕ್ಕೆ ಜಾಗವಿರಲಿಲ್ಲ.

"ಬೆಟ್ಟಾ ಅಂತಾರೆ ಇದನ್ನ" ಎಂದರು ಅಂಗಡಿಯವರು.

"ಬೆರಳುದ್ದ ಇಲ್ಲ, ಇದಕ್ಕೆ ಬೆಟ್ಟ ಅಂತ ಯಾರಿಟ್ರು?" ಎಂದೆ ನಾನು. ಅಕ್ಕ ನಗಲಿಲ್ಲ. ಆಗಲೇ ಅವಳ ಬಾಯಲ್ಲಿ ಅದು ಬೆಟ್ಟಮ್ಮ ಆಗಿಹೋಗಿತ್ತು.

"ಗಂಡಾಗಿದ್ರೆ ನಿಮ್ಮ ತೊಟ್ಟಿಗೆ ಕೊಡ್ತಾನೇ ಇರಲಿಲ್ಲ" ಎಂದರು ಅಂಗಡಿಯವರು. "ಹೆಣ್ಣು ಸಾಧು ಮೀನುಗಳ ಜೊತೆ ಹೊಂದ್ಕೊಳ್ಳೋದುಂಟು. ಆದ್ರೂ ಒಂದೊಂದರ ಗುಣ ಒಂದೊಂದು. ಶನಿವಾರದವರೆಗೆ ನೋಡಿ. ಮೈಮೇಲೆ ಉದ್ದ ಗೆರೆ ಬಂದ್ರೆ ಖುಷಿಯಾಗಿದೆ ಅಂತ, ಇಟ್ಕೊಳ್ಳಿ. ಅಡ್ಡ ಗೆರೆ ಬಂದು ಹೋಗದೇ ಇದ್ರೆ ಹೆದರಿದೆ ಅಂತ, ವಾಪಸ್ ತನ್ನಿ. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಇಟ್ಕೋತೀನಿ ಅಂತ ಒಬ್ಬರು ಕೇಳ್ತಾನೇ ಇದಾರೆ."

ಲೋಟವೆಂದ ಕೂಡಲೇ ಅಕ್ಕ ಮುಖ ಸಿಂಡರಿಸಿದಳು. ಬಾಟಲಿಯನ್ನು ಎದೆಗೊತ್ತಿಕೊಂಡು ಹೊರಟವಳ ಹಿಂದೆ ನಾನು ಓಡಬೇಕಾಯಿತು.

ತೊಟ್ಟಿಗೆ ಬಿಟ್ಟ ಮೇಲೆ ಬೆಟ್ಟಮ್ಮ ಮೊದಲು ಒಂದು ಸುತ್ತು ಹಾಕಿದಳು. ಟೆಟ್ರಾಗಳು ದಾರಿ ಬಿಟ್ಟವು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಅವಳ ಮೈಮೇಲೆ ಕಪ್ಪು ಗೆರೆಗಳು ಮೂಡಿದವು. ತಲೆಯಿಂದ ಬಾಲದವರೆಗೆ, ಸ್ಕೇಲಿಟ್ಟು ಎಳೆದ ಹಾಗೆ.

"ಉದ್ದ ಗೆರೆ ಬಂತು ಕಣೇ" ಎಂದು ಅಕ್ಕ ನನ್ನ ತೋಳು ಹಿಂಡಿಬಿಟ್ಟಳು.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಅಳತೆ ಕೊಡಲು ಬಂದವರು, ಪಕ್ಕದ ಚಪ್ಪಲಿ ಅಂಗಡಿಯವರು, ವಿಳಾಸ ಕೇಳಲು ಬಂದವರು, ಒಬ್ಬರನ್ನೂ ಬಿಡದೆ ಎಳೆದು ತಂದು ತೋರಿಸಿದಳು. ಚೆನ್ನಾಗಿ ಕಾಣಲೆಂದು ಗಿಡಗಳನ್ನು ಕಿತ್ತು ಬದಿಗೆ ಸರಿಸಿದಳು, ಮೇಲೊಂದು ದೀಪ ಇಳಿಬಿಟ್ಟಳು. ಬೆಟ್ಟಮ್ಮ ಫಿಲ್ಟರಿನ ಹಿಂದೆ ಸೇರಿಕೊಂಡರೆ "ನಾಚಿಕೆ ಪಾಪ" ಎನ್ನುತ್ತಿದ್ದಳು. ಗೆರೆ ಇದ್ದ ಹಾಗೇ ಇತ್ತು, ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನದೂ ಇರಲಿಲ್ಲ.

ಅಷ್ಟರಲ್ಲಿ ಶಾಲೆಯೊಂದರ ಸಮವಸ್ತ್ರದ ಗಂಟುಗಳು ಬಂದು ಬಿದ್ದವು. ಇಡಲು ಜಾಗವಿಲ್ಲದೆ ತೊಟ್ಟಿಯ ಮುಂದೆಯೇ ಪೇರಿಸಿದೆವು. ತಲೆಯೆತ್ತಲೂ ಬಿಡುವಿಲ್ಲದ ಹೊಲಿಗೆ. ಅಕ್ಕ ದೀಪ ಹಾಕುವುದನ್ನೇ ಮರೆತಳು, ಸರಿಸಿದ್ದ ಗಿಡಗಳು ತೇಲಿಕೊಂಡು ನಡುವಿಗೆ ಬಂದವು. ಶನಿವಾರ ಗಂಟು ಕರಗಿ ತೊಟ್ಟಿ ಕಂಡಾಗ ಬೆಟ್ಟಮ್ಮ ಎಲೆಯೊಂದರ ಮೇಲೆ ಹಾಯಾಗಿ ಒರಗಿದ್ದಳು, ಟೆಟ್ರಾಗಳು ಪಕ್ಕದಲ್ಲೇ ಸುಳಿಯುತ್ತಿದ್ದವು. ಆದರೆ ಹಳೆಯ ಗೆರೆಗಳು ಮಾಯ. ಅವುಗಳ ಬದಲು ಬೆನ್ನಿನಿಂದ ಹೊಟ್ಟೆಗೆ ಇಳಿದ ಪಟ್ಟೆಗಳು.

"ಅಡ್ಡ ಗೆರೆ" ಎಂದಳು ಅಕ್ಕ. ದನಿ ಉಡುಗಿಹೋಗಿತ್ತು. "ನಾನು ಕೆಲಸ ಕೆಲಸ ಅಂತ ಇದರ ಕಡೆ ನೋಡಲೇ ಇಲ್ಲ. ಹೆದರಿಬಿಟ್ಟಿದೆ."

"ಆರಾಮಾಗೇ ಇದೆಯಲ್ಲಕ್ಕ."

"ನಿನಗೇನು ಗೊತ್ತು? ಸುಮ್ನಿರು" ಎಂದು ಗದರಿಸಿ, ಕಣ್ಣೊರೆಸಿಕೊಂಡು, ಬಲೆ ಹಾಕಿ ಹಿಡಿದಳು. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಮೀನು ಬಿಟ್ಟು ಮೀನಂಗಡಿಗೆ ಹೊರಟೆವು.

ಲೋಟದ ಗಿರಾಕಿ ಆಗಲೇ ಬಂದು ಕೂತಿದ್ದರು. ಲೋಟವನ್ನೂ ತಂದಿದ್ದರು. ಅಕ್ಕ ಚೀಲವನ್ನು ಅಂಗಡಿಯವರ ಕೈಗಿತ್ತವಳು, ಒಳಗೆ ನೋಡಿ ಬೆಚ್ಚಿದಳು.

"ಅಯ್ಯೋ, ನೋಡಿ, ನಿಮ್ಮನ್ನ ಕಂಡ ತಕ್ಷಣ ಖುಷಿಗೆ ಮತ್ತೆ ಉದ್ದ ಗೆರೆ ಬಂತು."

ಅಂಗಡಿಯವರು ಚೀಲವನ್ನು ಬೆಳಕಿಗೆ ಹಿಡಿದರು. "ಯಾವುದಮ್ಮಾ ಉದ್ದ? ಇದು ಅಡ್ಡ ಗೆರೆ. ಜೀವ ಕೈಯಲ್ಲಿ ಹಿಡ್ಕೊಂಡಿದೆ ಇದು."

"ತಲೆಯಿಂದ ಬಾಲಕ್ಕೆ ಬಂದಿದೆಯಲ್ಲ. ಬಟ್ಟೆಯಲ್ಲಿ ಕೊರಳಿಂದ ಅಂಚಿಗೆ ಇಳಿಯೋದು ಉದ್ದ ತಾನೇ?"

"ನೀವು ಹೊಲಿಯೋ ಅಂಗಿಯಲ್ಲಿ ಸರಿ. ಮೀನು ನಮ್ಮ ಹಾಗೆ ಎದ್ದು ನಿಂತು ಓಡಾಡುತ್ತಾ? ಮಲಗಿರೋ ಗೆರೆ ಅಡ್ಡ, ನಿಂತಿರೋ ಗೆರೆ ಉದ್ದ."

ನನಗೆ ನಗು ಒತ್ತರಿಸಿ ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ದೀಪ, ಜನ, ಕಿತ್ತ ಗಿಡ, ಎಲ್ಲವನ್ನೂ ಅವಳು ಒಂದೊಂದಾಗಿ ನೆನೆಯುತ್ತಿದ್ದುದು ಕಾಣುತ್ತಿತ್ತು.

"ಹಾಗಾದ್ರೆ ನಿಂತ ಗೆರೆ ಬಂದು ಖುಷಿಯಾಗಿದ್ದಾಗ ನಾನೇ ಹಿಡ್ಕೊಂಡು ಬಂದೆ" ಎಂದಳು. "ಕೊಡಿ, ವಾಪಸ್ ತಗೊಂಡು ಹೋಗ್ತೀನಿ."

"ಅದು ಹೇಗಾಗುತ್ತೆ? ಅವರಿಗೆ ಮಾತು ಕೊಟ್ಟಾಯ್ತಲ್ಲ" ಎಂದು ಅಂಗಡಿಯವರು ಲೋಟದವರ ಕಡೆ ನೋಡಿದರು. ಅವರು ಲೋಟವನ್ನು ಮುಂದೆ ಸರಿಸಿದರು.

ಅಕ್ಕ ಅವರ ಕಡೆಗೆ ತಿರುಗಿದಳು. ಜಗಳ ಆಡುತ್ತಾಳೆಂದೇ ನಾನು ಸೆರಗು ಬಿಗಿದೆ. ಆದರೆ ಅವಳು ಮೆತ್ತಗೆ ಹೇಳಿದಳು: "ನಾನು ಇದು ಹೆದರಿ ಸಾಯ್ತಿದ್ದಾಗ ಖುಷಿಯಾಗಿದೆ ಅಂತ ಊರಿಗೆಲ್ಲ ತೋರಿಸ್ತಾ ಕೂತಿದ್ದೆ. ಲೋಟದಲ್ಲಿಟ್ರೆ ಈ ಗೆರೆ ಹೋಗಲ್ಲ. ನೀವೂ ಚಂದ ಅಂತ ನೋಡ್ತಾನೇ ಕೂರ್ತೀರಿ."

ಅವರು ಚೀಲವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಲೋಟವನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು, "ತಗೊಂಡ್ಹೋಗಿ" ಎಂದರು.

ಅಂಗಡಿಗೆ ಮರಳಿ ಬೆಟ್ಟಮ್ಮನನ್ನು ತೊಟ್ಟಿಗಿಳಿಸಿದ ಮೇಲೆ ಅಕ್ಕ ತನ್ನ ಕುರ್ಚಿಯನ್ನು ಗೋಡೆಗೆ ತಿರುಗಿಸಿ, ತೊಟ್ಟಿಗೆ ಬೆನ್ನು ಹಾಕಿ ಮಿಷನ್ ತುಳಿಯತೊಡಗಿದಳು. "ನಾನು ನೋಡಲ್ಲ. ನೀನು ಆ ಕಡೆಯಿಂದ ಹಾದು ಹೋಗೋವಾಗ ಓರೆಗಣ್ಣಲ್ಲಿ ನೋಡಿ ಹೇಳು."

ಇಸ್ತ್ರಿ ಮಾಡುವ ನೆಪದಲ್ಲಿ ನಾನು ಎಷ್ಟು ಸಲ ಹಾದುಹೋದೆನೋ. "ಗೆರೆ ಮಲಗಿದೆ" ಎನ್ನುತ್ತಿದ್ದೆ. "ಇನ್ನೂ ಮಲಗಿದೆ." ಅಕ್ಕನ ಬೆನ್ನು ಸೆಟೆಯುತ್ತಿತ್ತು, ಆದರೆ ತಿರುಗಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬೆಟ್ಟಮ್ಮ ಟೆಟ್ರಾಗಳ ನಡುವೆ ನಿಧಾನವಾಗಿ ಹಾದುಬಂದಳು.

"ಅಕ್ಕ, ನಿಂತಿದೆ."

"ಸರಿಯಾಗಿ ನೋಡಿದೆಯಾ?"

"ಬೆನ್ನಿಂದ ಹೊಟ್ಟೆಗೆ."

ಅವಳು ಆಗಲೂ ತಿರುಗಲಿಲ್ಲ. ಮಿಷನ್ ಇದ್ದಕ್ಕಿದ್ದ ಹಾಗೆ ಎಲ್ಲಿಲ್ಲದ ವೇಗದಲ್ಲಿ ಓಡತೊಡಗಿತು. ಹತ್ತಿರ ಹೋಗಿ ನೋಡಿದರೆ ಕಣ್ಣಲ್ಲಿ ನೀರು, ತುಟಿಯ ತುಂಬ ನಗು, ಕೈಯಡಿಯಲ್ಲಿ ಸರಸರ ಸರಿಯುತ್ತಿದ್ದ ಬಟ್ಟೆ. ಸೂಜಿಯಲ್ಲಿ ದಾರವೇ ಇರಲಿಲ್ಲ.