ಬೈಂಡ್ ಹಾಕಿ ಹಿಂತಿರುಗಿಸಿದ ಪುಸ್ತಕ

ಮಂಗಳೂರಿನ ಕಾಲೇಜೊಂದರಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಗಂಡನಿಗೆ ಬ್ಲೂ ಕಾರ್ಡ್, ಅಂದರೆ ಅಲ್ಲಿ ಕೆಲಸ ಮಾಡುವ ಪರವಾನಗಿ, ಸಿಕ್ಕಿ ಜರ್ಮನಿಯ ಕಾರ್ಲ್ಸ್‌ರುಹೆಗೆ ಬಂದ ಮೇಲೆ ಒಮ್ಮೆಗೇ ಏನೂ ಅಲ್ಲದವಳಾದೆ. ಜರ್ಮನ್ ಕ್ಲಾಸಿನಲ್ಲಿ ಉದ್ಯೋಗ ಕೇಳಿದರೆ ‘ಹೌಸ್‌ಫ್ರೌ’, ಅಂದರೆ ಗೃಹಿಣಿ, ಎನ್ನುತ್ತಿದ್ದೆ. ಹೇಳುವಾಗಲೆಲ್ಲ ಮೈ ಉರಿಯುತ್ತಿತ್ತು.

ಟ್ರಾಮ್ ನಿಲ್ದಾಣದ ಪಕ್ಕ ಗಾಜಿನ ಬಾಗಿಲಿನ ಪುಸ್ತಕದ ಕಪಾಟೊಂದಿತ್ತು. ಅದರಲ್ಲಿ ಒಂದು ದಿನ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಪ್ರಬಂಧಗಳ ಸಂಕಲನ ಕಣ್ಣಿಗೆ ಬಿತ್ತು. ನಾನು ಪಾಠ ಮಾಡುತ್ತಿದ್ದವೇ! ಎಂಥ ಗದ್ಯ ಮಾರಾಯ್ರೆ! ಅರ್ಧ ಪುಟದಷ್ಟು ಉದ್ದದ ವಾಕ್ಯ, ಆದರೂ ಎಲ್ಲಿಯೂ ಎಡವುವುದಿಲ್ಲ. ರೈಲು, ಕಾರ್ಖಾನೆ ಬಂದರೆ ಸಾಕೇ, ಮನುಷ್ಯ ಒಳಗೂ ಬೆಳೆಯಬೇಡವೇ ಎಂದು ಆ ಲೇಖಕರು ಜಗಳಕ್ಕೆ ನಿಲ್ಲುತ್ತಾರೆ; ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡೇ ಉತ್ತರ ಕೊಡುತ್ತಾರೆ. ಈಗ ಅಷ್ಟು ತಾಳ್ಮೆ ಯಾರಿಗಿದೆ? ನನಗಂತೂ ಇಲ್ಲ. ಪುಸ್ತಕವನ್ನು ಮನೆಗೆ ತಂದು, ನಾಳೆಯೇ ಕ್ಲಾಸಿದೆ ಎಂಬಂತೆ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುತ್ತ ಹೋದೆ.

ರಟ್ಟು ಹರಿದಿತ್ತು. ಬ್ರೌನ್ ಪೇಪರಿನ ಬೈಂಡ್ ಹಾಕಿದೆ. ಬೈಂಡ್ ಹಾಕಿದ ಮೇಲೆ ಲೇಬಲ್ ಇಲ್ಲದಿದ್ದರೆ ಹೇಗೆ? ಶಾಲೆಯ ಅಭ್ಯಾಸ, ಹೆಸರು, ವಿಳಾಸ ಎಲ್ಲ ಬರೆದೆ. ಅರ್ಧ ಓದುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಅವಧಿ ಮೀರಿತೆಂದು ಹೆದರಿ ಕಪಾಟಿನಲ್ಲಿಟ್ಟು ಬಂದೆ.

ಗಂಡ ಬಿದ್ದು ಬಿದ್ದು ನಕ್ಕರು. “ಎಂಥ ಮಾರಾಯ್ತಿ, ಅದು ಲೈಬ್ರರಿ ಅಲ್ಲ. ಯಾರು ಬೇಕಾದ್ರೂ ಇಡ್ಬಹುದು, ತಗೊಂಡು ಹೋಗ್ಬಹುದು. ನೀನೇ ಇಟ್ಕೊಳ್ಬಹುದಿತ್ತಲ್ಲ!”

ಓಡಿಹೋಗಿ ನೋಡಿದರೆ ಪುಸ್ತಕವಿಲ್ಲ. ನಿಲ್ದಾಣದಲ್ಲೇ ಅತ್ತುಬಿಟ್ಟೆ. ಆ ಟಿಪ್ಪಣಿ ಬರೆದ ಮೇಡಮ್ಮು ಕೂಡ ಅದರ ಜೊತೆಗೇ ಹೋದಳು ಅನ್ನಿಸಿತು.

ಶನಿವಾರ ಬೆಲ್ ಆಯಿತು. ಬಾಗಿಲಲ್ಲಿ ವಯಸ್ಸಾದ ಜರ್ಮನ್ ಹೆಂಗಸೊಬ್ಬರು, ಕೈಯಲ್ಲಿ ನನ್ನ ಬೈಂಡ್! ನಾನು ಆಸೆಯಿಂದ ಕೈಚಾಚಿದೆ. ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು.

“ನಿಮ್ಮ ಟಿಪ್ಪಣಿ ಇರುವಷ್ಟು ದೂರ ನನಗೆ ಅರ್ಥವಾಯಿತು,” ಎಂದರು ನಿಧಾನವಾದ ಇಂಗ್ಲಿಷಿನಲ್ಲಿ. “ಆಮೇಲೆ ಏನೂ ತಿಳಿಯಲಿಲ್ಲ. ನೀವು ಟೀಚರಾ?”

ಹೌಸ್‌ಫ್ರೌ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ಹೌದು,” ಎಂದೆ. “ಒಳಗೆ ಬನ್ನಿ, ಕೂತುಕೊಳ್ಳಿ. ಎಷ್ಟನೇ ಪುಟದಲ್ಲಿ ನಿಂತಿದ್ದೇವೆ?”