ಮುಂದಿನ ಬಾಗಿಲಿಂದ ಎರಡನೇ ಸೀಟು

ನನ್ನ ನೆನಪಿಗೆ ಒಂದು ಕೆಟ್ಟ ಗುಣವಿದೆ. ಯಾವ ಘಟನೆಯಲ್ಲೂ ಅದು ನನಗೆ ಒಳ್ಳೆಯ ಪಾತ್ರವನ್ನೇ ಕೊಡುತ್ತದೆ. ಎರಡು ಸಲ ನೋಡದೆ ಯಾವ ಆಧಾರವನ್ನೂ ನಂಬಬಾರದೆಂದು ಎಂ.ಎ. ಓದುವಾಗ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನೂ ಪಾಠ ಹೇಳುವ ಕಸುಬಿಗೆ ಬಿದ್ದು, ದೇವರನ್ನು, ಪಂಚಾಂಗವನ್ನು, ಸರ್ಕಾರವನ್ನು ಸರದಿಯ ಮೇಲೆ ಅನುಮಾನಿಸಿದೆ. ನನ್ನ ತಲೆಯನ್ನು ಮಾತ್ರ ಬಿಟ್ಟುಬಿಟ್ಟಿದ್ದೆ.

ಈಗ ಅದರ ಸರದಿ ಬರಲು ಕಾರಣ ಒಂದು ಕಾಗದ. ಹಾಸ್ಟೆಲಿನ ಗೆಳೆಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ಗಂಡಸರನ್ನು ಪ್ರೀತಿಸುವವನು. ಅದನ್ನು ನನಗೆ ಹೇಳಲು ಅವನಿಗೆ ಎರಡು ವರ್ಷ ಹಿಡಿಯಿತು. ಕೇಳಿಸಿಕೊಂಡು ‘ಹೌದಾ, ಊಟಕ್ಕೆ ಹೋಗೋಣ ಬಾ’ ಎನ್ನಲು ನನಗೆ ಒಂದು ನಿಮಿಷ ಸಾಕಾಯಿತು. ಇದೂ ನೆನಪು ಹೇಳುವ ಮಾತೇ, ಅವನನ್ನು ಕೇಳಿ ನೋಡಬೇಕು. ಕಳೆದ ವರ್ಷ, ಎರಡು ಸಾವಿರದ ಎಂಟರಲ್ಲಿ, ಅವನಂಥವರೆಲ್ಲ ಅಲ್ಲಿ ಬಣ್ಣದ ಬಾವುಟ ಹಿಡಿದು ಹಾಡಹಗಲೇ ಮೆರವಣಿಗೆ ಹೋದರಂತೆ. ಫೋಟೋ ಕಳಿಸಿ, ‘ನಿಮ್ಮ ಕೊಪ್ಪದಲ್ಲಿ ಏನಾದರೂ ಇದೆಯೋ?’ ಎಂದು ಬರೆದಿದ್ದ. ಆ ಪ್ರಶ್ನೆಯೊಳಗಿನ ನಗು ನನ್ನನ್ನು ಕೆಣಕಿತು. ಇದೆ ಮಾರಾಯ, ನಮ್ಮಲ್ಲೊಂದು ಸೀಟು ಇದೆ ಎಂದು ಉತ್ತರ ಶುರುಮಾಡಿದೆ.

ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಮುಂದೆ ಹೆಂಗಸರು, ಹಿಂದೆ ಗಂಡಸರು. ಒಟ್ಟಿಗೆ ಹತ್ತಿದ ಗಂಡ ಹೆಂಡತಿ ಬಾಗಿಲಲ್ಲೇ ಬೇರೆಯಾಗುತ್ತಾರೆ. ಇಳಿದ ಮೇಲೆ ಸಂಸಾರ ಮುಂದುವರಿಯುತ್ತದೆ. ಈ ವ್ಯವಸ್ಥೆಯಲ್ಲಿ ನಾಗವೇಣಿಗೆ ಜಾಗವಿರಲಿಲ್ಲ. ಅವಳು ಕೊಪ್ಪದಲ್ಲಿ ಟೈಲರ್. ಶೆಟ್ಟಿಕೊಪ್ಪದಲ್ಲಿ ಗಂಡುಮಗುವೆಂದು ಹುಟ್ಟಿ, ನಾಗರಾಜನೆಂದು ಕರೆಸಿಕೊಂಡು ಬೆಳೆದವಳು. ಒಂದು ದಿನ ಸೀರೆ ಉಟ್ಟು, ಹೆಸರು ಬದಲಿಸಿ, ಅಂಗಡಿ ಹಾಕಿದಳು. ಊರು ಮೊದಲು ನಕ್ಕಿತು. ಆಮೇಲೆ ಅವಳು ಹೊಲಿದ ಬ್ಲೌಸಿನ ತೋಳು ಎಷ್ಟು ಚೆನ್ನಾಗಿ ಕೂರುತ್ತದೆಂದು ಕಂಡು ಸಾಲಾಗಿ ನಿಂತಿತು. ಬಸ್ಸಿನಲ್ಲಿ ಮಾತ್ರ ಅವಳು ಮುಂದಕ್ಕೂ ಸೇರದೆ ಹಿಂದಕ್ಕೂ ಸೇರದೆ, ಸೀಟು ಖಾಲಿ ಇದ್ದರೂ ಬಾಗಿಲ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದಳು. ಇದು ಎಲ್ಲರಿಗೂ ಅನುಕೂಲವಾಗಿತ್ತು, ಅವಳ ಕಾಲುಗಳನ್ನು ಬಿಟ್ಟು.

ಅರ್ಧನಾರೀಶ್ವರನಿಗೆ ಕೈಮುಗಿಯುವ ಜನ ನಾವು. ಆ ಶಿವನೇ ಕೊಪ್ಪದಿಂದ ಪಕ್ಕದೂರು ಕಮ್ಮರಡಿಗೆ ಬಸ್ಸು ಹತ್ತಿದರೆ ಎಡಭಾಗವನ್ನು ಮುಂದೆ, ಬಲಭಾಗವನ್ನು ಹಿಂದೆ ಕೂರಿಸುತ್ತೇವೋ ಏನೋ! ನನ್ನ ಈ ಪಾಂಡಿತ್ಯವನ್ನು ಒಮ್ಮೆ ನಾಗವೇಣಿಯ ಮುಂದೆ ಬಿಚ್ಚಿದೆ.

“ನಾನು ಅರ್ಧ ಅಲ್ಲ ಸಾರ್, ಪೂರ್ತಿ,” ಎಂದಳು. ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಸೀಟಿನ ಗಲಾಟೆ ನಡೆದದ್ದು ಮದುವೆಗಳ ಕಾಲದಲ್ಲಿ. ಕಮ್ಮರಡಿಯ ಶಾರದಕ್ಕನ ಮಗಳ ಮದುವೆ ಮುಂದಿನ ಭಾನುವಾರ ಇತ್ತು. ಮನೆಯವರಿಗೆಲ್ಲ ಹೊಲಿದ ಬ್ಲೌಸುಗಳನ್ನು ತೊಡಿಸಿ ನೋಡಲೆಂದು ಚೀಲ ಹಿಡಿದು ನಾಗವೇಣಿ ಬಸ್ಸು ಹತ್ತಿದಳು. ಪೇಟೆಗೆ ಬಂದಿದ್ದ ಶಾರದಕ್ಕನೂ ಅದೇ ಬಸ್ಸಿನಲ್ಲಿ, ಮುಂದಿನ ಬಾಗಿಲಿಂದ ಎರಡನೇ ಸೀಟಿನಲ್ಲಿದ್ದರು. ಪಕ್ಕದ ಜಾಗ ಖಾಲಿ. ನಾಗವೇಣಿ ಅಲ್ಲಿ ಕೂತುಬಿಟ್ಟಳು. ಹಿಂದೆ ಗಂಡಸರ ಸೀಟಿನಲ್ಲಿ ನಾನೂ ಇದ್ದೆ.

“ಏ ನಾಗರಾಜ, ಹಿಂದೆ ಬಾ ಮಾರಾಯ,” ಎಂದ ಕಂಡಕ್ಟರ್. “ಹೆಂಗಸರಿಗೆ ಮುಜುಗರ ಆಗ್ತದೆ.”

“ನಾಗವೇಣಿ ಅನ್ನು. ಯಾರಿಗೆ ಮುಜುಗರ? ಇಲ್ಲಿ ಕೂತವರದ್ದೆಲ್ಲ ಅಳತೆ ನನ್ನ ಪುಸ್ತಕದಲ್ಲಿ ಉಂಟು. ಅಳತೆ ಕೊಡುವಾಗ ಆಗದ ಮುಜುಗರ ಪಕ್ಕದಲ್ಲಿ ಕೂತ್ರೆ ಆಗ್ತದಾ?”

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಕಂಡಕ್ಟರ್ ಬಸ್ಸು ನಿಲ್ಲಿಸಿದ. “ಹಿಂದೆ ಹೋಗು, ಇಲ್ಲಾಂದ್ರೆ ಇಳಿ.”

“ಇಳೀತೇನೆ. ಈ ಬ್ಲೌಸುಗಳೂ ಇಳೀತವೆ. ನಂಗೆ ಜಾಗ ಇಲ್ಲದ ಬಸ್ಸು ನಾ ಹೊಲಿದದ್ದಕ್ಕೂ ಬೇಡ,” ಎಂದು ಚೀಲ ಎತ್ತಿಕೊಂಡು ಎದ್ದಳು.

ಆಗ ನಾನು ಎದ್ದು ನಿಂತು ಸಂವಿಧಾನ, ಸಮಾನತೆ ಎಂದೆಲ್ಲ ನಾಲ್ಕು ಖಡಕ್ ಮಾತಾಡಿದೆ, ಕಂಡಕ್ಟರ್ ತಲೆ ತಗ್ಗಿಸಿದ, ಅವಳು ಕೂತಳು. ಗೆಳೆಯನಿಗೆ ಇದನ್ನು ಒಂದೂವರೆ ಪುಟ ಬರೆದೆ. ತಿರುಗಿ ಓದಿದಾಗ, ಇಷ್ಟು ಚೆನ್ನಾಗಿ ಮಾತಾಡುವವನು ನಾನಲ್ಲವಲ್ಲ ಎನಿಸಿತು. ಆಧಾರ ನೋಡೋಣವೆಂದು ನಾಗವೇಣಿಯ ಅಂಗಡಿಗೆ ಹೋದೆ.

ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ನಕ್ಕಳು. “ನೀವಾ? ನೀವು ಮುಖಕ್ಕೆ ಪೇಪರ್ ಅಡ್ಡ ಹಿಡ್ಕೊಂಡಿದ್ರಿ. ಮಾತಾಡಿದ್ದು ಶಾರದಕ್ಕ. ‘ಕೂತ್ಕೊ ಮಾರಾಯ್ತಿ, ಇವನದ್ದೆಂತ!’ ಅಂದ್ರು. ಕಂಡಕ್ಟರ್ ಹತ್ರ, ‘ಅವಳು ಇಳಿದ್ರೆ ನಾವೂ ಇಳೀತೇವೆ, ನೀನು ಖಾಲಿ ಬಸ್ಸು ಹೊಡ್ಕೊಂಡು ಹೋಗು’ ಅಂದ್ರು. ಮುಂದಿನವರೆಲ್ಲ ಎದ್ದು ನಿಂತ್ರು.”

ಮುಖ ಸಪ್ಪಗಾದರೂ ಅನುಮಾನದ ಚಟ ಬಿಡಲಿಲ್ಲ. “ಅದು ನಿನ್ನ ಮೇಲಿನ ಪ್ರೀತಿಯೋ, ಮದುವೆಗೆ ಬ್ಲೌಸು ಸಿಗದೆ ಹೋದೀತೆಂಬ ಭಯವೋ?” ಎಂದೆ.

“ಎಂತದಾದ್ರೂ ಆಗ್ಲಿ, ಸೀಟು ಸಿಕ್ಕಿತು.” ಗೋಡೆಗೆ ಸಿಕ್ಕಿಸಿದ್ದ ಮದುವೆ ಕಾಗದ ತೋರಿಸಿದಳು. ಮೇಲೆ ಶಾರದಕ್ಕನ ಕೈಬರಹದಲ್ಲಿ ಅವಳ ಹೆಸರು, ಅವಳೇ ಇಟ್ಟುಕೊಂಡ ಹೆಸರು. “ಮದುವೆಲಿ ಹೆಂಗಸರ ಸಾಲಲ್ಲಿ ಕೂರಿಸಿ ಹೂವು ಕುಂಕುಮ ಕೊಟ್ರು. ಟೈಲರಿಗೆ ರವಿಕೆ ಕಣ ಬೇರೆ! ಅಷ್ಟೊತ್ತಿಗೆ ಬ್ಲೌಸು ಅವರ ಮೈಮೇಲಿತ್ತಲ್ಲ ಸಾರ್. ಕುಂಕುಮ ಯಾವ ಭಯಕ್ಕೆ ಕೊಟ್ರು?”

ಮನೆಗೆ ಬಂದೆ. ಹಳೆಯ ಕಾಗದ ಹರಿದು ಹೊಸದು ಬರೆದೆ. ‘ನಮ್ಮಲ್ಲಿ ಬಾವುಟವಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನಗುವವರು ಇನ್ನೂ ಇದ್ದಾರೆ. ಅವರ ಮುಂದೆಯೇ ನಾಗವೇಣಿ ತಲೆಯೆತ್ತಿ ಹೋಗಿ ಬಸ್ಸು ಹತ್ತುತ್ತಾಳೆ. ನಿಮ್ಮ ಮೆರವಣಿಗೆ ವರ್ಷಕ್ಕೊಂದು ಸಲ, ಅವಳದ್ದು ದಿನವೂ. ಬಂದು ನೋಡು, ನಿನ್ನವನನ್ನೂ ಕರೆದುಕೊಂಡು ಬಾ. ಇಬ್ಬರೂ ಗಂಡಸರಾದ್ದರಿಂದ ಹಿಂದೆ ಅಕ್ಕಪಕ್ಕವೇ ಕೂರಬಹುದು. ನಮ್ಮೂರ ಗಂಡ ಹೆಂಡಿರಿಗೆ ಆ ಭಾಗ್ಯವಿಲ್ಲ.’

ಅದನ್ನು ಪೋಸ್ಟಿಗೆ ಹಾಕಿ ಕಮ್ಮರಡಿಯ ಬಸ್ಸು ಹತ್ತಿದರೆ, ಖಾಲಿ ಇದ್ದದ್ದು ನಾಗವೇಣಿಯ ಪಕ್ಕದ ಜಾಗವೊಂದೇ. ಪರಿಚಯದ ಸಲಿಗೆಯಿಂದ ಕೂರಲು ಹೋದೆ.

“ಸಾರ್, ಅದು ಹೆಂಗಸರ ಸೀಟು,” ಎಂದ, ಅದೇ ಕಂಡಕ್ಟರ್.

ನಾಗವೇಣಿಯ ಮುಖ ನೋಡಿದೆ. “ಹೌದು ಸಾರ್,” ಎಂದು ಅವಳು ಚೀಲವನ್ನು ಖಾಲಿ ಜಾಗಕ್ಕೆ ಸರಿಸಿದಳು.

ಬಾಗಿಲ ಕಂಬಿ ಹಿಡಿದು, ಅವಳು ವರ್ಷಗಟ್ಟಲೆ ನಿಂತ ಜಾಗದಲ್ಲೇ, ಕಮ್ಮರಡಿವರೆಗೂ ನಿಂತೆ. ದಾರಿಯಲ್ಲಿ ಅಷ್ಟೊಂದು ತಿರುವುಗಳಿವೆಯೆಂದು ಕೂತು ಹೋಗುವಾಗ ಗೊತ್ತಾಗಿರಲಿಲ್ಲ. ಮುಖಕ್ಕೆ ಅಡ್ಡ ಹಿಡಿಯಲು ಪೇಪರೂ ಇರಲಿಲ್ಲ. ಇದನ್ನು ನೆನಪಿನ ಕೈಗೆ ಬಿಟ್ಟರೆ, ನಾನೇ ದೊಡ್ಡ ಮನಸ್ಸಿನಿಂದ ಅವಳಿಗೆ ಸೀಟು ಬಿಟ್ಟುಕೊಟ್ಟೆನೆಂದು ನಾಳೆ ಹೇಳೀತು. ಅದಕ್ಕೇ ಇವತ್ತೇ ಬರೆದಿಟ್ಟಿದ್ದೇನೆ.