ಒಗೆಯುವ ಕಲ್ಲಿನ ನಲ್ಲಿ

ನಮ್ಮಕ್ಕನಿಗೆ ಬಿಳಿ ಬಟ್ಟೆಯ ಹುಚ್ಚು ಅಂತ ಬೀದಿಯವರು ಹೇಳುತ್ತಿದ್ದರು. ಸುಳ್ಳು. ಅವಳು ಉಡುತ್ತಿದ್ದದ್ದೆಲ್ಲ ಕೊಳೆ ಕಾಣದ ಕಂದು, ಇಲ್ಲವೆ ಕಡುನೀಲಿ. ಬಿಳಿ ಅವಳ ಕಸುಬು, ಅಷ್ಟೇ. ಬೀದಿಯ ಕೊನೆಯಲ್ಲಿರುವ ಸಣ್ಣ ಆಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಗವಸು, ಡಾಕ್ಟರುಗಳ ಕೋಟು ಎಲ್ಲವೂ ಬೆಳಿಗ್ಗೆ ಗಂಟು ಕಟ್ಟಿಕೊಂಡು ಅವಳ ಹಿತ್ತಿಲಿಗೆ ಬರುತ್ತಿದ್ದವು. ಮರುದಿನ ಗಂಜಿ ಹಾಕಿ, ಇಸ್ತ್ರಿಯಾಗಿ, ಮಡಿಕೆ ಮುರಿಯದಂತೆ ವಾಪಸು ಹೋಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ಹಿಡಿದ ಕೆಲಸವನ್ನು ತಲೆ ನರೆಯುವ ತನಕ ಬಿಟ್ಟಿರಲಿಲ್ಲ. ಸೋಡಾ ತಿಂದ ಅವಳ ಅಂಗೈ ಮುಟ್ಟಿದರೆ ಒಣಗಿದ ಬ್ರೆಡ್ಡು ಮುಟ್ಟಿದ ಹಾಗಿರುತ್ತಿತ್ತು. ಮನೆ ನಡೆಯುತ್ತಿದ್ದದ್ದು ಆ ಗಂಟಿನಿಂದ.

ಯಾಕೆಂದರೆ ಭಾವನ ದುಡಿಮೆ ಭಾವನ ಟೀ, ಬೀಡಿಗೆ ಆದರೆ ಹೆಚ್ಚು. ರಸ್ತೆ ತಿರುವಿನಲ್ಲಿ ತಗಡಿನ ಮಾಡಿನ ಕೆಳಗೆ ಅವರ ಪಂಕ್ಚರ್ ಅಂಗಡಿ. ಒಂದು ತುಂಡು ಟ್ಯೂಬು, ಚೂರು ಸೊಲ್ಯೂಷನ್ ಇದ್ದರೆ ಲೋಕದ ಯಾವ ತೊಂದರೆಯೂ ತೊಂದರೆಯಲ್ಲ ಅಂತ ನಂಬಿದ ಮನುಷ್ಯ. ಬಕೆಟ್ಟು ಒಡೆದರೆ ಟ್ಯೂಬು, ಕುರ್ಚಿ ಕಾಲು ಮುರಿದರೆ ಟ್ಯೂಬು, ಕನ್ನಡಕದ ಕಡ್ಡಿ ಹೋದರೂ ಟ್ಯೂಬೇ. ಅಂಟಿಸಿದ ಮೇಲೆ ಕೈ ಒರೆಸಿಕೊಂಡು, “ಸದ್ಯಕ್ಕೆ ನಡೆಯುತ್ತೆ ಬಿಡಿ” ಅನ್ನುವರು. ನಾನು ಅವರಿಗೆ ಸದ್ಯಕ್ಕೆ ಭಾವ ಅಂತಲೇ ಹೆಸರಿಟ್ಟಿದ್ದೆ. ಕರೆದರೆ ಓ ಅನ್ನುತ್ತಿದ್ದರು, ನಾಚಿಕೆಯಿಲ್ಲದ ಜನ.

ಆ ಮನೆಯ ನೀರಿನ ಪೈಪನ್ನು ನಡೆಸಿಕೊಂಡು ಬಂದದ್ದೂ ಹಾಗೆಯೇ. ಭಾವನ ಅಪ್ಪ ಹಾಕಿಸಿದ ಕಬ್ಬಿಣದ ಪೈಪು. ಬೀದಿಯ ಮೀಟರಿನಿಂದ ನಡುಮನೆಯ ನೆಲದ ಕೆಳಗೆ ಹಾದು, ಅಡುಗೆಮನೆಯ ಗೋಡೆಯಲ್ಲಿ ಮೇಲೆದ್ದು, ಬಚ್ಚಲ ಗೋಡೆ ದಾಟಿ, ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ನಲ್ಲಿಯಾಗಿ ನಿಂತಿತ್ತು. ಕಣ್ಣಿಗೆ ಕಾಣುವ ಕಡೆಯೆಲ್ಲ ಕಪ್ಪು ರಬ್ಬರಿನ ಪಟ್ಟಿ ಸುತ್ತಿತ್ತು, ಲಾರಿಗೆ ಸಿಕ್ಕವನ ಕಾಲಿನ ಹಾಗೆ. ಹೊರಗಿನ ಸೋರಿಕೆಗೆ ರಬ್ಬರು ಸರಿ. ಒಳಗೆ ಹಿಡಿದ ತುಕ್ಕಿಗೆ ಭಾವ ತಾನೇ ಎಲ್ಲಿ ಪಟ್ಟಿ ಸುತ್ತಿಯಾರು? ಮೊದಮೊದಲು ಬೆಳಗಿನ ಒಂದೆರಡು ಬಕೆಟ್ಟು ಕೆಂಪಗೆ ಬರುತ್ತಿತ್ತು. ಬರಬರುತ್ತ ಇಡೀ ದಿನ ಟೀ ಬಣ್ಣದ್ದೇ.

ಆ ನೀರಿನಲ್ಲಿ ಬಿಳಿ ಬಟ್ಟೆ ಒಗೆಯಬೇಕು. ಅಕ್ಕ ಒಗೆದಳು. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿ ಡ್ರಮ್ಮಿಗೆ ತುಂಬುವಳು. ರಾತ್ರಿಯೆಲ್ಲ ಬಿಟ್ಟರೆ ಕೆಸರು ತಳಕ್ಕಿಳಿಯುತ್ತಿತ್ತು. ಬೆಳಿಗ್ಗೆ ಅಲುಗಾಡಿಸದೆ ಮೇಲಿನ ನೀರನ್ನಷ್ಟೇ ಮಗ್ಗಿನಲ್ಲಿ ತೆಗೆದು, ಅದಕ್ಕೆ ಮಾತ್ರ ಸೋಡಾ, ಬ್ಲೀಚಿಂಗ್ ಹಾಕುವಳು. ನಾನೊಮ್ಮೆ ಅವಸರದಲ್ಲಿ ನಲ್ಲಿಯಿಂದಲೇ ಟಬ್ಬಿಗೆ ನೀರು ಬಿಡಲು ಹೋದಾಗ ಕೈ ಹಿಡಿದುಕೊಂಡಿದ್ದಳು. “ಕೆಂಪು ನೀರಿಗೆ ಬ್ಲೀಚಿಂಗ್ ತೋರಿಸ್ಬಾರ್ದು ಕಣೇ. ತುಕ್ಕು ಒಂದ್ಸಲ ಬಟ್ಟೆಗೆ ಕಚ್ಕೊಂಡ್ರೆ ಹರಿದು ಚಿಂದಿಯಾದ್ರೂ ಬಿಡಲ್ಲ.”

ಎಷ್ಟು ಜೋಪಾನ ಮಾಡಿದರೂ ಬಟ್ಟೆ ಹಳದಿಗೆ ತಿರುಗತೊಡಗಿತು. ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಮೇಡಂ ಒಂದು ದಿನ ಹಾಸಿಗೆ ಬಟ್ಟೆಯೊಂದನ್ನು ಹಿಂದಕ್ಕೆ ಕಳಿಸಿದರು. ಕಲೆಯ ಸುತ್ತ ಪೆನ್ನಿನಲ್ಲಿ ಸುತ್ತು ಹಾಕಿತ್ತು. ಅಕ್ಕ ವಿಚಾರಿಸಲು ಹೋದಾಗ ಮೇಡಂ ಮೆಲ್ಲಗೇ ಹೇಳಿದರಂತೆ: “ಮಷಿನ್ ಲಾಂಡ್ರಿಯವರು ದಿನಾ ಬಂದು ಕೇಳ್ತಿದಾರಮ್ಮ. ಇನ್ನೊಂದ್ಸಲ ಹೀಗಾದ್ರೆ ನನ್ ಕೈಲಿ ಏನೂ ಇರಲ್ಲ.”

ಮನೆಗೆ ಬಂದವಳೇ ಅಕ್ಕ ಪ್ಲಂಬರನ್ನು ಕರೆಸಿದಳು. ಮಾತಿಗೊಮ್ಮೆ ಆಕಳಿಸುವ ಮನುಷ್ಯ. ಗೋಡೆಗೆಲ್ಲ ಬೆರಳಿನಿಂದ ಕುಟ್ಟುತ್ತ ಮನೆಯುದ್ದ ನಡೆದು ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

“ಪೈಪಿನ ದುಡ್ಡು ದುಡ್ಡೇ ಅಲ್ಲಮ್ಮ. ನಡುಮನೆ ನೆಲ ಅಗೀಬೇಕು, ಗೋಡೆ ಕೊರೀಬೇಕು, ಆಮೇಲೆ ಎಲ್ಲ ಮುಚ್ಬೇಕು. ಗಾರೆಯವನು ಬೇರೆ, ಟೈಲ್ಸ್ ಬೇರೆ, ಸುಣ್ಣ ಬಣ್ಣ ಬೇರೆ. ಒಡೆಯೋಕಿಂತ ಮುಚ್ಚೋಕೇ ಜಾಸ್ತಿ.” ಅವನು ಹೇಳಿದ ಮೊತ್ತ ಅಕ್ಕನ ಅರ್ಧ ವರ್ಷದ ಕೂಲಿ.

“ಎಷ್ಟು ದಿನ ಹಿಡಿಯುತ್ತೆ?” ಅಂದಳು ಅಕ್ಕ. ಅವಳಿಗೆ ಮೊತ್ತಕ್ಕಿಂತ ಅದರದ್ದೇ ಭಯ.

“ವಾರ ಅಂತ ಇಟ್ಕೊಳಿ. ಹೆಚ್ಚೂ ಆಗ್ಬಹುದು. ಅಷ್ಟು ದಿನ ನೀರು ಬಂದ್.” ಅವನು ಮತ್ತೆ ಆಕಳಿಸಿದ. “ಇಲ್ಲಾಂದ್ರೆ ಅಡುಗೆಮನೆ ಗೋಡೆಯಿಂದ ಕಲ್ಲಿನ ತನಕ ಮಾತ್ರ ಹೊಸದು ಹಾಕ್ತೀನಿ, ಪ್ಲಾಸ್ಟಿಕ್ ಪೈಪು, ಗೋಡೆ ಹೊರಗಡೆಯಿಂದ. ಒಂದೇ ದಿನದ ಕೆಲಸ. ತುಕ್ಕು ಜಾಸ್ತಿ ಗೋಡೇಲಿರೋದ್ರಲ್ಲೇ. ನೆಲದ ಕೆಳಗಿನದು ಹಳೇದೇ ಇರುತ್ತೆ.”

ಆಗ ನಡೆದದ್ದನ್ನು ಕಣ್ಣಾರೆ ಕಂಡಿರದಿದ್ದರೆ ನಾನು ನಂಬುತ್ತಿರಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಭಾವ, “ಪೂರ್ತಿ ಮಾಡ್ಸೋಣ ಕಣೇ” ಅಂದರು. “ಗಾಳಿ ಮಷಿನ್ ಮಾರ್ತೀನಿ. ಅರ್ಧಂಬರ್ಧ ಬೇಡ.”

ಇಡೀ ಜನ್ಮದಲ್ಲಿ ಭಾವ ಆಡಿದ ಒಂದೇ ಒಂದು ಪೂರ್ತಿ ಮಾತು ಅದು. ಯಾವುದನ್ನೂ ಅರೆಬರೆ ಮಾಡದ ನನ್ನಕ್ಕ ಅದನ್ನು ಕೇಳಲಿಲ್ಲ.

“ವಾರ ನೀರಿಲ್ದಿದ್ರೆ ದಿನಾ ಬರೋ ಗಂಟನ್ನ ಏನ್ ಮಾಡ್ಲಿ? ತಲೆ ಮೇಲೆ ಹೊತ್ಕೊಂಡು ಕೂತಿರ್ಲಾ? ಎರಡು ದಿನ ಬೇಡ ಅಂದ್ರೆ ಮೂರನೇ ದಿನ ಲಾಂಡ್ರಿ ವ್ಯಾನ್ ಬಂದು ನಿಂತಿರುತ್ತೆ.”

“ನಮ್ಮನೆಯಿಂದ ನೀರು ಹೊರೋಣ” ಅಂದೆ ನಾನು. ನನ್ನದು ಹಿಂದಿನ ಬೀದಿ.

“ಹೊರು ನೋಡೋಣ” ಅಂದಳು. ದಿನಕ್ಕೆ ಎಷ್ಟು ಡ್ರಮ್ಮು ಬೇಕು ಅಂತ ನನಗೂ ಗೊತ್ತಿತ್ತು. ಭಾವನ ಕಡೆ ತಿರುಗಿ, “ಆ ಮಷಿನ್ ಹೋದ್ರೆ ನಿಮ್ ಅಂಗಡೀಲಿ ಉಳಿಯೋದೇನ್ರೀ? ಕಲ್ಲಿನ ತನಕ ಆಗ್ಲಿ, ಸದ್ಯಕ್ಕೆ” ಅಂದಳು.

“ಏ, ಅದು ನನ್ ಮಾತು!” ಅಂದರು ಭಾವ. ಎಲ್ಲರೂ ನಕ್ಕೆವು. ಪ್ಲಂಬರ್ ಕೂಡ ಆಕಳಿಕೆ ಮರೆತು ನಕ್ಕ.

ಹೇಳಿದಂತೆ ಒಂದೇ ದಿನದಲ್ಲಿ ಕೆಲಸ ಮುಗಿಸಿದ. ಅಡುಗೆಮನೆ ಗೋಡೆಯ ಹಳೆ ಜಾಯಿಂಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಪೈಪು ನರಳಿತು, ಅಷ್ಟೇ. ಅಲ್ಲಿಂದ ಮುಂದೆ ಬೆಳ್ಳನೆಯ ಪೈಪು ಗೋಡೆ ಹಿಡಿದು ಹಿತ್ತಿಲಿಗೆ ಹೋಯಿತು. ನಲ್ಲಿ ತಿರುಗಿಸಿ ನೀರು ತಿಳಿಯಾಗುವ ತನಕ ಹರಿಯಲು ಬಿಟ್ಟ. ಆಮೇಲೆ ಅಕ್ಕ ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಲೋಟದ ಆಚೆ ನಿಂತಿದ್ದ ನನ್ನ ಮುಖ ಕಂಡಿತಂತೆ. “ನಿನ್ ಮೂಗು ಇಷ್ಟು ದಪ್ಪ ಅಂತ ಗೊತ್ತೇ ಇರ್ಲಿಲ್ಲ ಕಣೇ” ಅಂದಳು. ನಲ್ಲಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಕಸದ ಬುಟ್ಟಿಗೆ ಎಸೆದಳು. ಡ್ರಮ್ಮನ್ನು ಉಜ್ಜಿ ಬೋರಲು ಹಾಕಿದಳು.

ನಾಲ್ಕೈದು ದಿನ ಅಕ್ಕನ ಮುಖ ನೋಡಲು ಚೆಂದವಿತ್ತು. ರಾತ್ರಿ ನೀರು ತುಂಬಿ ಕಾಯುವ ಕಾಟವಿಲ್ಲ, ಮಗ್ಗಿನಲ್ಲಿ ತೋಡುವ ಗೋಳಿಲ್ಲ. ನಲ್ಲಿ ತಿರುಗಿಸಿದರೆ ಟಬ್ಬಿಗೇ ನೀರು. ಮಧ್ಯಾಹ್ನ ಕೆಲಸ ಮುಗಿಸಿ ನಮ್ಮನೆಗೆ ಬಂದು ಕಾಲು ಚಾಚಿ ಕೂತು ಹರಟಿದಳು. ಅವಳು ಹಾಗೆ ಕೂತದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಆಮೇಲೆ ಬೀದಿಯಲ್ಲೇನೋ ರಿಪೇರಿ ಅಂತ ಒಂದು ದಿನ ನೀರು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಬಿಟ್ಟಾಗ ಮೊದಲು ಗಾಳಿ ಬುಸ್ಸೆಂದು, ಹಿಂದೆಯೇ ನೀರು ರಭಸದಿಂದ ಪೈಪಿನೊಳಗೆ ನುಗ್ಗಿತು. ಎರಡು ದಿನದ ಗಂಟು ಒಟ್ಟಿಗೆ ಬಿದ್ದಿತ್ತು, ಎಲ್ಲ ಡಾಕ್ಟರುಗಳ ಕೋಟೂ ಅದರಲ್ಲಿದ್ದವು. ಅಕ್ಕ ಕೋಟುಗಳನ್ನು ಟಬ್ಬಿಗೆ ಹಾಕಿ, ಬ್ಲೀಚಿಂಗ್ ಸುರಿದು, ನಲ್ಲಿ ತಿರುಗಿಸಿ, ಹಿಂದಿನ ದಿನ ತಂತಿಯ ಮೇಲೆ ಉಳಿದದ್ದನ್ನು ತೆಗೆದುಕೊಂಡು ಒಳಗಿಡಲು ಹೋದಳು. ಬಂದು ನೋಡುವಾಗ ಟಬ್ಬು ಕೆಂಪಾಗಿತ್ತು. ನೆಲದಡಿಯ ಹಳೆ ಪೈಪಿನಲ್ಲಿ ಸ್ಪ್ಯಾನರ್ ಏಟಿಗೆ ಸಡಿಲವಾಗಿದ್ದ ತುಕ್ಕೆಲ್ಲ ಎದ್ದು, ಹೊಸ ಪೈಪಿನಲ್ಲಿ ಸಲೀಸಾಗಿ ಹರಿದು, ಬಟ್ಟೆ ಕಟ್ಟಿರದ ನಲ್ಲಿಯಿಂದ ಸೀದಾ ಬ್ಲೀಚಿಂಗ್ ನೀರಿಗೆ ಬಿದ್ದಿತ್ತು.

ಸಂಜೆ ನಾನು ಹೋದಾಗ ಕೋಟುಗಳು ತಂತಿಯ ಮೇಲಿದ್ದವು. ಸಿಡುಬು ಎದ್ದ ಹಾಗೆ ಮೈತುಂಬ ಕಿತ್ತಳೆ ಬಣ್ಣದ ಚುಕ್ಕೆ. ನಿಂಬೆ, ಉಪ್ಪು, ವಿನಿಗರ್ ಎಲ್ಲ ಆಗಿತ್ತು. ಉಜ್ಜಿ ಉಜ್ಜಿ ಅಕ್ಕನ ಬೆರಳ ಗೆಣ್ಣು ಸುಲಿದಿತ್ತು. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

“ಆ ಬಟ್ಟೆ ಯಾಕೆ ಬಿಚ್ಚಿದೆ? ನೀರು ನೋಡ್ದೆ ಬ್ಲೀಚಿಂಗ್ ಯಾಕೆ ಸುರಿದೆ? ನನಗೆ ಪಾಠ ಹೇಳಿದ್ದು ನೀನೇ ಅಲ್ವಾ?”

ಅಕ್ಕ ಕಲ್ಲಿನ ಮೇಲೆ ಕೂತಿದ್ದಳು. “ಹೊಸ ಪೈಪಲ್ವೇನೇ” ಅಂದಳು.

ಮರುದಿನ ಕೋಟುಗಳನ್ನು ಹೊತ್ತು ಇಬ್ಬರೂ ಆಸ್ಪತ್ರೆಗೆ ಹೋದೆವು. ಸ್ಟೋರ್ ಮೇಡಂ ಕೆಟ್ಟವರಾಗಿದ್ದರೆ ಬೈದಾದರೂ ಬರುತ್ತಿದ್ದೆ. ಅವರು ಒಂದೊಂದೇ ಕೋಟು ಬಿಡಿಸಿ ನೋಡಿ, ಮತ್ತೆ ಅಚ್ಚುಕಟ್ಟಾಗಿ ಮಡಿಸಿ, ಅಕ್ಕನ ಕಡೆಗೆ ಸರಿಸಿದರು. “ಇವು ನಮಗೆ ಬರಲ್ಲಮ್ಮ. ನೀವೇ ಇಟ್ಕೊಳಿ.” ಕೋಟುಗಳ ಬೆಲೆಯನ್ನು ಬಾಕಿ ಕೂಲಿಯಲ್ಲಿ ಮುರಿದುಕೊಂಡರು. ಅದರ ಮಾರನೆಯ ಬೆಳಿಗ್ಗೆ ಗಂಟು ಬರಲಿಲ್ಲ. ಅಕ್ಕ ಎಂದಿನಂತೆ ಎದ್ದು, ಕಲ್ಲು ತೊಳೆದು, ಬಾಗಿಲು ನೋಡುತ್ತ ಕೂತಿದ್ದಳಂತೆ.

ದುರದೃಷ್ಟಕ್ಕೂ ಒಂದು ಮಿತಿ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಅಡುಗೆಮನೆಯ ನೆಲ ಒದ್ದೆಯಾಗತೊಡಗಿತು. ಅಂದು ನರಳಿದ ಜಾಯಿಂಟು ಪೂರ್ತಿ ಬಾಯಿ ಬಿಟ್ಟಿತ್ತು. ಭಾವ ಟ್ಯೂಬು ಹಿಡಿದು ಬಗ್ಗಿ ನೋಡಿದರು, ಪಟ್ಟಿ ಸುತ್ತಲು ಜಾಗವೇ ಸಿಗಲಿಲ್ಲ. ಎದ್ದು ಟ್ಯೂಬನ್ನು ಜೇಬಿಗೆ ತುರುಕಿಕೊಂಡು, ಹೋಗಿ ಗಾಳಿ ಮಷಿನ್ ಮಾರಿ ಬಂದರು.

ಹತ್ತು ಹನ್ನೆರಡು ದಿನ ಆ ಮನೆ ಮನೆಯಾಗಿರಲಿಲ್ಲ. ನಡುಮನೆಯ ನಡುವೆ ಉದ್ದಕ್ಕೆ ಕಾಲುವೆ ತೋಡಿ, ಅದರ ಮೇಲೆ ಹಲಗೆ ಹಾಕಿಕೊಂಡು ಓಡಾಡಿದರು. ಗೋಡೆ ಕೊರೆದ ಧೂಳು ಅನ್ನದ ಪಾತ್ರೆಯೊಳಗೂ ಇತ್ತು. ಕಿತ್ತು ಹಾಕಿದ ಹಳೆ ಪೈಪಿನ ತುಂಡೊಂದಕ್ಕೆ ಕಣ್ಣಿಟ್ಟು ನೋಡಿದೆ. ಒಳಗೆಲ್ಲ ತುಕ್ಕು ಕಟ್ಟಿ, ಪೆನ್ಸಿಲು ತೂರುವಷ್ಟು ತೂತು ಉಳಿದಿತ್ತು. ಇಷ್ಟರಲ್ಲಿ ಇವರು ಇಷ್ಟು ವರ್ಷ ಬದುಕಿದರಲ್ಲ! ಗುಜರಿಯವನು ಅದನ್ನೆಲ್ಲ ತೂಗಿ ಕೊಟ್ಟ ದುಡ್ಡು ಪ್ಲಂಬರಿನ ಟೀ ಬನ್ನಿಗೆ ಸರಿಹೋಯಿತು. ಹಳೆ ಟೈಲ್ಸಿನ ಬಣ್ಣ ಅಂಗಡಿಯಲ್ಲಿ ಸಿಗದೆ, ನಡುಮನೆಗೆ ಈಗ ಬೈತಲೆ ತೆಗೆದ ಹಾಗೆ ಬೇರೆ ಬಣ್ಣದ ಪಟ್ಟಿಯಿದೆ.

ಕೊನೆಗೂ ನೀರು ಬಂತು. ಬೆಳಿಗ್ಗೆ ಬಿಟ್ಟರೂ ತಿಳಿ, ನಿಂತು ಬಂದರೂ ತಿಳಿ. ಆಸೆ ಅನ್ನುವುದು ಕೆಟ್ಟದ್ದು. ಅಕ್ಕನನ್ನು ಎಬ್ಬಿಸಿಕೊಂಡು ಮತ್ತೆ ಆಸ್ಪತ್ರೆಗೆ ಹೋದೆ. ಗೇಟಿನ ಹತ್ತಿರ ಲಾಂಡ್ರಿಯವರ ವ್ಯಾನು ನಿಂತಿತ್ತು, ಅದರೊಳಗೆ ಹಾಸಿಗೆ ಬಟ್ಟೆಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ಕೂತಿದ್ದವು. ಸ್ಟೋರ್ ಮೇಡಂ, “ಅವರ ಜೊತೆ ಕರಾರಾಗಿದೆಯಮ್ಮ” ಅಂದರು.

“ನೀರು ಈಗ ಚೆನ್ನಾಗಿದೆ ಮೇಡಂ” ಅಂದಳು ಅಕ್ಕ.

“ಒಳ್ಳೇದಾಯ್ತು ಬಿಡಿ” ಅಂದರು ಅವರು.

ಬೇರೆ ಕಡೆ ಕೇಳಿದೆವು. ಎಲ್ಲರ ಮನೆಯಲ್ಲೂ ಮಷಿನ್ನು. ಭಾವ ಈಗ ಕೈ ಪಂಪಿನಲ್ಲಿ ಗಾಳಿ ಹೊಡೆಯುತ್ತಾರೆ, ಸೈಕಲ್ಲುಗಳಿಗೆ ಮಾತ್ರ. ದೊಡ್ಡ ಗಾಡಿಯವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಚುಕ್ಕೆ ಬಿದ್ದ ಕೋಟುಗಳಲ್ಲಿ ಒಂದನ್ನು ಅಂಗಡಿಗೆ ತೊಟ್ಟು ಹೋಗುತ್ತಾರೆ, ಬಟ್ಟೆ ಯಾಕೆ ದಂಡ ಅಂತ. “ಡಾಕ್ಟ್ರೇ, ಹಿಂದಿನ ಚಕ್ರಕ್ಕೆ ಉಸಿರಾಟ ಸರಿಯಿಲ್ಲ” ಅಂತ ಗಿರಾಕಿಗಳು ಛೇಡಿಸಿದರೆ, ನಾಲಿಗೆ ತೋರಿಸಲು ಹೇಳುತ್ತಾರೆ. ಅಕ್ಕ ನಗುವುದಿಲ್ಲ. ಆ ಕೋಟನ್ನು ಅವಳು ಮುಟ್ಟುವುದೂ ಇಲ್ಲ. ಭಾವನೇ ಅದನ್ನು ಅಂಗಡಿಯ ಬಕೆಟ್ಟಿನಲ್ಲಿ ಜಾಲಿಸಿಕೊಳ್ಳುತ್ತಾರೆ.

ಮೊನ್ನೆ ಹೋದಾಗ ನೋಡಿದೆ. ಕಲ್ಲಿನ ನಲ್ಲಿಯ ಬಾಯಿಗೆ ಮತ್ತೆ ಬಿಳಿ ಬಟ್ಟೆ ಕಟ್ಟಿತ್ತು.

“ಕನ್ನಡಿ ಥರ ನೀರು ಬರ್ತಿದೆ. ಇದ್ಯಾಕೆ ಇನ್ನು?” ಅಂದೆ.

“ಇರ್ಲಿ ಬಿಡೇ. ಸದ್ಯಕ್ಕೆ.”

ಬಟ್ಟೆಯನ್ನು ಬಿಚ್ಚಿ, ಎರಡೂ ಬದಿ ತಿರುಗಿಸಿ ಬೆಳಕಿಗೆ ಹಿಡಿದಳು. ಒಂದು ಚುಕ್ಕೆಯೂ ಇರಲಿಲ್ಲ. ಆದರೂ ಅದನ್ನು ಕಲ್ಲಿನ ಮೇಲೆ ಹಾಸಿ, ಸೋಪು ಹಚ್ಚಿ, ಉಜ್ಜಿ, ಜಾಲಿಸಿ, ಹಿಂಡಿ, ಹಿತ್ತಿಲಿನ ಈ ತುದಿಯಿಂದ ಆ ತುದಿಗೆ ಕಟ್ಟಿದ ತಂತಿಯ ಮೇಲೆ ಹರವಿದಳು. ಆವತ್ತು ಅವಳಿಗೆ ಒಗೆಯಲು ಇದ್ದದ್ದು ಅದೊಂದೇ.